ಮೇಲಿಂದ ಬೀಳುವ ಲೆಕ್ಕ: ಕಟ್ಟಡ ಕೆಲಸದಲ್ಲಿ ‘ಹುಷಾರು’ ಯಾಕೆ ಸಾಲುವುದಿಲ್ಲ

ಎರಡು ಮೀಟರ್ ಎತ್ತರ ಅಂದರೆ ಆಳೆತ್ತರಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಗೋಡೆಯ ಮೇಲ್ಭಾಗಕ್ಕೆ ಗಾರೆ ಮಾಡಲು ಕಟ್ಟುವ ಸಾರುವೆ ಹೆಚ್ಚುಕಮ್ಮಿ ಅಷ್ಟೇ ಎತ್ತರ ಇರುತ್ತದೆ. ಅಲ್ಲಿಂದ ಕಾಲು ತಪ್ಪಿದರೆ ನೆಲ ಮುಟ್ಟಲು ಹಿಡಿಯುವ ಸಮಯ ಸುಮಾರು 0.64 ಸೆಕೆಂಡ್. ನೆಲಕ್ಕೆ ಬಡಿಯುವಾಗ ವೇಗ ಗಂಟೆಗೆ 22 ಕಿಲೋಮೀಟರ್ ದಾಟಿರುತ್ತದೆ.

ಈಗ ಮೈಯ ಲೆಕ್ಕ ನೋಡೋಣ. ಕಾಲ ಕೆಳಗಿನ ಹಲಗೆ ಸರಿಯಿತು ಅಂತ ಮಿದುಳಿಗೆ ತಿಳಿಯಬೇಕು. ಅಲ್ಲಿಂದ ಕೈಗೆ ಸುದ್ದಿ ಹೋಗಬೇಕು. ಕೈ ಅಲ್ಲಾಡಲು ಶುರುವಾಗಬೇಕು. ಇಷ್ಟರಲ್ಲಿ ಸುಮಾರು ಕಾಲು ಸೆಕೆಂಡ್ ಮುಗಿದಿರುತ್ತದೆ, ದೇಹ ಆಗಲೇ 30 ಸೆಂಟಿಮೀಟರ್ ಕೆಳಗೆ ಹೋಗಿರುತ್ತದೆ. ಹಿಡಿಯಬಹುದಾಗಿದ್ದ ಪೈಪು ಕೈಗೆ ನಿಲುಕುವುದಿಲ್ಲ. ನಿಲುಕಿದರೂ, ಬೀಳುತ್ತಿರುವ ಇಡೀ ಮೈಯ ಭಾರವನ್ನು ಬೆರಳುಗಳು ಆ ವೇಗದಲ್ಲಿ ತಡೆದು ನಿಲ್ಲಿಸಲಾರವು.

ಯಾರಾದರೂ ಬಿದ್ದಾಗ ಮೊದಲು ಬರುವ ಮಾತು ‘ಸ್ವಲ್ಪ ನೋಡಿಕೊಂಡು ಕೆಲಸ ಮಾಡಬಾರದಿತ್ತಾ?’ ಅಂತಲೇ ಅಲ್ವಾ? ಈ ಮಾತು ನನಗೆ ತುಂಬ ನೋವು ಕೊಡುತ್ತದೆ. ಗಾರೆಯ ಮಟ್ಟ ನೋಡುವವನ ಕಣ್ಣು ಗೋಡೆಯ ಮೇಲೇ ಇರಬೇಕು. ಕಂಬಿ ಕಟ್ಟುವವನ ಕಣ್ಣು ಗಂಟಿನ ಮೇಲಿರಬೇಕು. ಕೆಲಸ ಚೆನ್ನಾಗಿ ಆಗಬೇಕಾದರೆ ಅವರು ಅಂಚನ್ನು ಮರೆಯಲೇಬೇಕು. ಬೆಳಗ್ಗೆಯಿಂದ ಬಿಸಿಲಲ್ಲಿ ನಿಂತವನ ಗಮನ ಸಂಜೆಗೂ ಅಷ್ಟೇ ಚುರುಕಾಗಿರಲಿ ಅನ್ನುವುದು ಆಗದ ಮಾತು. ಅವನು ಬೀಳುತ್ತಾನೋ ಇಲ್ಲವೋ ಅನ್ನುವುದು ಬಹುಪಾಲು ಅವನು ಮೇಲೆ ಹತ್ತುವ ಮೊದಲೇ ತೀರ್ಮಾನವಾಗಿರುತ್ತದೆ. ಅಂಚಿಗೆ ತಡೆ ಇದೆಯಾ, ತೂತು ಮುಚ್ಚಿದೆಯಾ, ಬೆಲ್ಟ್ ಸಿಕ್ಕಿಸಲು ಗಟ್ಟಿ ಜಾಗ ಇದೆಯಾ ಅನ್ನುವುದರಲ್ಲಿ ಅದು ಅಡಗಿರುತ್ತದೆ.

ಕಟ್ಟಡ ಕೆಲಸದ ಸಾವುಗಳಲ್ಲಿ ಮೇಲಿಂದ ಬೀಳುವುದು ಎಷ್ಟು ದೊಡ್ಡ ಪಾಲು ಅನ್ನುವುದಕ್ಕೆ ಒಂದು ದೇಶದ ಲೆಕ್ಕ ಸಾಕು. ಅಮೆರಿಕದಲ್ಲಿ 2022ರಲ್ಲಿ ಕಟ್ಟಡ ಕೆಲಸದಲ್ಲಿ ಸತ್ತವರು 1,069 ಜನ. ಅವರಲ್ಲಿ 395 ಜನ ಎತ್ತರದಿಂದ ಬಿದ್ದವರು. ಕಠಿಣ ಕಾನೂನು, ತಪಾಸಣೆ, ದಂಡ ಎಲ್ಲ ಇರುವ ಕಡೆಯ ಲೆಕ್ಕ ಇದು. ಅಲ್ಲಿನ ಕೆಲಸದ ಸುರಕ್ಷತಾ ಇಲಾಖೆ ಹತ್ತು ವರ್ಷಕ್ಕೂ ಮೇಲೆ ಅತಿ ಹೆಚ್ಚು ನೋಟಿಸ್ ಕೊಡುತ್ತಿರುವುದೂ ಇದೇ ವಿಷಯಕ್ಕೆ: ಬೀಳದಂತೆ ತಡೆ ಇಲ್ಲ ಅಂತ.

ಎಲ್ಲಿಂದ ಬೀಳುತ್ತಾರೆ

ಬೀಳುವುದು ಅಂದ ತಕ್ಷಣ ಕಣ್ಣ ಮುಂದೆ ಬರುವುದು ಮೂವತ್ತು ಮಹಡಿಯ ಕಟ್ಟಡ. ಆದರೆ ಜೀವ ಹೋಗಲು, ಬದುಕಿಡೀ ಹಾಸಿಗೆ ಹಿಡಿಯಲು ಅಷ್ಟು ಎತ್ತರ ಬೇಕಿಲ್ಲ. ಮನೆಯ ಮೊದಲ ಮಹಡಿ, ಗೋದಾಮಿನ ಸೂರು, ಆಳೆತ್ತರದ ಸಾರುವೆ, ಏಣಿಯ ನಾಲ್ಕನೇ ಮೆಟ್ಟಿಲು ಸಾಕು. ಎತ್ತರ ಕಡಿಮೆ ಇದ್ದಾಗ ಯಾರೂ ಬೆಲ್ಟ್ ಹಾಕುವುದಿಲ್ಲ, ಅಂಚಿಗೆ ಪೈಪು ಕಟ್ಟುವುದಿಲ್ಲ. ‘ಐದು ನಿಮಿಷದ ಕೆಲಸ, ಯಾಕೆ ಸುಮ್ನೆ ಅದೆಲ್ಲ’ ಅನ್ನುತ್ತಾರೆ. ಆದ್ದರಿಂದ ಕಡಿಮೆ ಎತ್ತರ ಒಂದು ರೀತಿಯಲ್ಲಿ ಹೆಚ್ಚು ಮೋಸದ್ದು.

ಎಷ್ಟು ಎತ್ತರದಿಂದ ರಕ್ಷಣೆ ಬೇಕು ಅನ್ನುವುದರಲ್ಲಿ ಕಾನೂನುಗಳು ಒಂದೇ ಥರ ಇಲ್ಲ. ಅಮೆರಿಕದಲ್ಲಿ ಕಟ್ಟಡ ಕೆಲಸಕ್ಕೆ ಸಾಮಾನ್ಯ ಮಿತಿ 6 ಅಡಿ, ಸಾರುವೆಗೆ 10 ಅಡಿ. ಬ್ರಿಟನ್‌ನಲ್ಲಿ ಮೊದಲು 2 ಮೀಟರ್ ಅನ್ನುವ ಗೆರೆ ಇತ್ತು. 2005ರ ನಿಯಮ ಅದನ್ನು ತೆಗೆದುಹಾಕಿತು. ಬಿದ್ದರೆ ಪೆಟ್ಟಾಗುವ ಯಾವ ಎತ್ತರವೂ ಎತ್ತರವೇ ಅಂತ ಅದು ಹೇಳುತ್ತದೆ. ನನಗೆ ಇದೇ ಹೆಚ್ಚು ಸರಿ ಅನ್ನಿಸುತ್ತದೆ. ಗೆರೆ ಎಳೆದರೆ ಅದರ ಕೆಳಗಿನದೆಲ್ಲ ಸುರಕ್ಷಿತ ಅಂತ ಜನ ಅಂದುಕೊಳ್ಳುತ್ತಾರೆ.

ಅಂಚಿನ ಅಪಾಯ ಎಲ್ಲರಿಗೂ ಕಾಣುತ್ತದೆ. ಕಾಣದೆ ಕೊಲ್ಲುವುದು ನೆಲದ ತೂತು. ಲಿಫ್ಟ್ ಬರಬೇಕಾದ ಜಾಗ, ಪೈಪ್ ಇಳಿಸುವ ಡಕ್ಟ್, ಮೆಟ್ಟಿಲು ಬರಬೇಕಾದ ಖಾಲಿ ಜಾಗ, ಹೀಗೆ ಮೋಲ್ಡ್ ಹಾಕುವಾಗ ಬಿಟ್ಟ ತೂತುಗಳು ಒಂದೆರಡಲ್ಲ. ಒಂದು ಘಟನೆ ಬೇರೆ ಬೇರೆ ಕಡೆ ಮತ್ತೆ ಮತ್ತೆ ಆಗುತ್ತದೆ. ತೂತಿನ ಮೇಲೆ ಯಾರೋ ಒಂದು ಪ್ಲೈವುಡ್ ಹಾಳೆ ಮುಚ್ಚಿ ಹೋಗಿರುತ್ತಾರೆ. ಮೊಳೆ ಹೊಡೆದಿರುವುದಿಲ್ಲ, ಮೇಲೆ ಏನೂ ಬರೆದಿರುವುದಿಲ್ಲ. ಎರಡು ದಿನ ಬಿಟ್ಟು ಇನ್ನೊಬ್ಬ ಬರುತ್ತಾನೆ. ಸೆಂಟ್ರಿಂಗ್‌ಗೆ ಹಾಳೆ ಬೇಕಾಗಿರುತ್ತದೆ, ಇಲ್ಲಿ ಒಂದು ಸುಮ್ಮನೆ ಬಿದ್ದಿದೆ. ಬಗ್ಗಿ ಎರಡೂ ಕೈಯಲ್ಲಿ ಎತ್ತುತ್ತಾನೆ. ಹಾಳೆ ಈಗ ಅವನ ಎದೆಯ ಮುಂದೆ ನಿಂತಿದೆ, ಅದರಾಚೆ ನೆಲ ಕಾಣುವುದಿಲ್ಲ. ಒಂದು ಹೆಜ್ಜೆ ಮುಂದಿಡುತ್ತಾನೆ. ಹಾಳೆ ಮುಚ್ಚಿದ್ದ ತೂತಿಗೇ ಕಾಲಿಟ್ಟಿರುತ್ತಾನೆ.

ಇದರಲ್ಲಿ ಅವನ ತಪ್ಪೇನಿದೆ? ಇದನ್ನು ತಡೆಯಲು ಬೇಕಾಗಿದ್ದದ್ದು ನಾಲ್ಕು ಮೊಳೆ, ಒಂದು ಡಬ್ಬಿ ಕೆಂಪು ಬಣ್ಣ. ಮುಚ್ಚಳ ಅಲುಗಾಡಬಾರದು. ಅದರ ಮೇಲೆ ಓಡಾಡುವ ಜನ, ಸಾಮಾನಿನ ಭಾರದ ಎರಡು ಪಟ್ಟು ತಾಳಬೇಕು. ‘ಕೆಳಗೆ ತೂತು ಇದೆ, ತೆಗೆಯಬೇಡಿ’ ಅಂತ ಅಲ್ಲಿ ಕೆಲಸ ಮಾಡುವವರ ಭಾಷೆಯಲ್ಲಿ ದಪ್ಪಗೆ ಬರೆದಿರಬೇಕು. ಓದು ಬಾರದವರಿಗೆ ಒಂದು ಚಿತ್ರ ಬರೆದರೂ ಆಯಿತು.

ಎರಡನೇ ಕಾಣದ ಅಪಾಯ ಸೂರಿನ ಶೀಟು. ಹಳೆಯ ಸಿಮೆಂಟ್ ಶೀಟು ಕೆಳಗಿಂದ ನೋಡಿದರೆ ಕಲ್ಲಿನಂತೆ ಗಟ್ಟಿ. ಬಿಸಿಲು ಮಳೆಗೆ ಅದು ಒಳಗೊಳಗೇ ಬಿರುಕು ಬಿಟ್ಟಿರುತ್ತದೆ, ಮನುಷ್ಯನ ಭಾರ ತಡೆಯುವುದಿಲ್ಲ. ಬೆಳಕಿಗಾಗಿ ನಡುನಡುವೆ ಹಾಕಿದ ಪ್ಲಾಸ್ಟಿಕ್ ಶೀಟಿನ ಮೇಲೆ ಧೂಳು ಕೂತರೆ, ಬಣ್ಣ ಬಳಿದರೆ, ಅದು ಬೇರೆ ಅಂತಲೇ ಗೊತ್ತಾಗುವುದಿಲ್ಲ. ‘ಬೋಲ್ಟ್ ಇರುವ ಸಾಲಿನ ಮೇಲೇ ನಡೆ, ಕೆಳಗೆ ತೊಲೆ ಇರುತ್ತದೆ, ಏನೂ ಆಗಲ್ಲ’ ಅನ್ನುವ ಮಾತು ಈ ಕೆಲಸದಲ್ಲಿ ಬಹಳ ಓಡಾಡುತ್ತದೆ. ದಯವಿಟ್ಟು ನಂಬಬೇಡಿ. ಒಂದು ಗೇಣು ಆಚೀಚೆ ಕಾಲಿಟ್ಟರೆ ಶೀಟು ಒಡೆಯುತ್ತದೆ. ಒಡೆದಾಗ ಬಿರುಕಿನ ಸದ್ದು ಕೇಳಿ ಹಿಂದೆ ಸರಿಯೋಣ ಅನ್ನುವಷ್ಟೂ ಹೊತ್ತು ಸಿಗುವುದಿಲ್ಲ. ಶೀಟಿನ ಮೇಲೆ ಹೋಗಲೇಬೇಕಾದರೆ ತೊಲೆಯಿಂದ ತೊಲೆಗೆ ಭಾರ ಹಂಚುವ ಅಗಲ ಹಲಗೆ ಹಾಸಬೇಕು, ಅದರ ಪಕ್ಕದಲ್ಲಿ ಹಿಡಿದುಕೊಳ್ಳಲು ಪೈಪು ಇರಬೇಕು, ಕೆಳಗೆ ಬಲೆ ಇರಬೇಕು. ಕೆಳಗಿನಿಂದಲೇ ಲಿಫ್ಟ್ ಯಂತ್ರದಲ್ಲಿ ಏರಿ ರಿಪೇರಿ ಮಾಡಲು ಆಗುತ್ತಾ ಅಂತ ನೋಡುವುದು ಇನ್ನೂ ಒಳ್ಳೆಯದು.

ಸಾರುವೆಯ ವಿಷಯದಲ್ಲಿ ಒಂದು ಮಾತು. ಅಲ್ಲಿ ಬೀಳುವುದಕ್ಕೆ ಎರಡು ದಾರಿ: ಸಾರುವೆಯಿಂದ ಮನುಷ್ಯ ಬೀಳಬಹುದು, ಸಾರುವೆಯೇ ಬೀಳಬಹುದು. ಮೊದಲನೆಯದಕ್ಕೆ ಕಾರಣ ಸಾಮಾನ್ಯವಾಗಿ ಹಲಗೆ. ಎರಡು ಹಲಗೆ ಇರಬೇಕಾದಲ್ಲಿ ಒಂದು ಇರುತ್ತದೆ, ಅಥವಾ ಹಲಗೆಯ ತುದಿ ಆಸರೆ ದಾಟಿ ತುಂಬ ಉದ್ದ ಚಾಚಿರುತ್ತದೆ. ಆ ತುದಿಯ ಮೇಲೆ ಕಾಲಿಟ್ಟರೆ ಇನ್ನೊಂದು ತುದಿ ಮೇಲೇಳುತ್ತದೆ. ಎರಡನೆಯದಕ್ಕೆ ಕಾರಣ ಬುಡ ಮತ್ತು ಕಟ್ಟು. ಪೈಪಿನ ಕಾಲು ಸಡಿಲ ಮಣ್ಣಿನ ಮೇಲೆ, ಇಟ್ಟಿಗೆ ಚೂರಿನ ಮೇಲೆ ನಿಂತಿದ್ದರೆ ಮಳೆ ಬಂದ ರಾತ್ರಿ ಅದು ಕೂರುತ್ತದೆ. ಗೋಡೆಗೆ ಕಟ್ಟಿದ್ದ ಕಟ್ಟನ್ನು ಪೇಂಟಿಂಗ್‌ಗೆ ಅಡ್ಡ ಅಂತ ಯಾರೋ ಬಿಚ್ಚಿರುತ್ತಾರೆ. ಮೇಲೆ ಇಟ್ಟಿಗೆ ರಾಶಿ ಹಾಕುತ್ತಾರೆ. ಲೆಕ್ಕ ಹಾಕಿದ ಭಾರದ ನಾಲ್ಕು ಪಟ್ಟು ತಾಳುವಂತೆ ಸಾರುವೆ ಕಟ್ಟಬೇಕು ಅನ್ನುವ ನಿಯಮ ಇಂಥ ದಿನಗಳಿಗಾಗಿಯೇ ಇದೆ. ಬೆಳಗ್ಗೆ ಕೆಲಸ ಶುರುವಾಗುವ ಮೊದಲು, ಮಳೆ ಗಾಳಿ ಬಂದ ಮೇಲೆ, ತಿಳಿದವರು ಬುಡದಿಂದ ತುದಿವರೆಗೆ ನೋಡಿ ಚೀಟಿ ಹಾಕಬೇಕು. ‘ಹತ್ತಬಹುದು’ ಅನ್ನುವ ಹಸಿರು ಚೀಟಿ ಇಲ್ಲದ ಸಾರುವೆ ಹತ್ತಬಾರದು.

ಏಣಿಗೆ ಸುಲಭದ ಅಳತೆ ಇದೆ. ಏಣಿ ಒರಗಿರುವ ಎತ್ತರ ನಾಲ್ಕು ಪಾಲಾದರೆ, ಬುಡ ಗೋಡೆಯಿಂದ ಒಂದು ಪಾಲು ದೂರ. ಅಂದರೆ ಸುಮಾರು 75 ಡಿಗ್ರಿ. ಮೇಲಿನ ಮಹಡಿಗೆ ಹತ್ತಿ ಹೋಗಲು ಬಳಸುವುದಾದರೆ ಏಣಿ ಅಲ್ಲಿಂದ ಇನ್ನೊಂದು ಮೀಟರ್ ಮೇಲೆ ಚಾಚಿರಬೇಕು, ತುದಿಯನ್ನು ಕಟ್ಟಿರಬೇಕು. ಹೊಟ್ಟೆ ಏಣಿಯ ಎರಡು ಕಂಬಗಳ ನಡುವೆಯೇ ಇರಬೇಕು. ‘ಇನ್ನೊಂದು ಚೂರು ಕೈ ಚಾಚಿದರೆ ಆಗಿಹೋಗುತ್ತೆ’ ಅನ್ನಿಸಿದಾಗ ಕೆಳಗಿಳಿದು ಏಣಿ ಸರಿಸಬೇಕು.

ಗಾಳಿಯನ್ನು ತುಂಬ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗಾಳಿಯ ವೇಗ ಎರಡರಷ್ಟಾದರೆ ಅದರ ತಳ್ಳು ನಾಲ್ಕರಷ್ಟಾಗುತ್ತದೆ. ಎಂಟು ಅಡಿ ನಾಲ್ಕು ಅಡಿಯ ಒಂದು ಪ್ಲೈವುಡ್ ಹಾಳೆ ಹಿಡಿದು ನಿಂತವನನ್ನು ಗಂಟೆಗೆ 20 ಕಿಲೋಮೀಟರ್ ಗಾಳಿ ಆರೇಳು ಕೆಜಿಯಷ್ಟು ತಳ್ಳುತ್ತದೆ. ಅದೇ 40 ಆದರೆ 25 ಕೆಜಿಗೂ ಮೇಲೆ. ನೆಲದ ಮೇಲೆ ತಂಗಾಳಿ ಅನ್ನಿಸಿದ್ದು ಹತ್ತನೇ ಮಹಡಿಯಲ್ಲಿ ಹಾಗಿರುವುದಿಲ್ಲ.

ಬೆಲ್ಟಿಗಿಂತ ಮೊದಲು

ಸುರಕ್ಷತೆ ಅಂದರೆ ಹೆಲ್ಮೆಟ್, ಬೆಲ್ಟ್ ಅನ್ನುವ ಭಾವನೆ ಬೇರೂರಿದೆ. ಬೆಲ್ಟ್ ನಿಜಕ್ಕೂ ಕೊನೆಯ ಉಪಾಯ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ: ಈ ಕೆಲಸ ಮೇಲೇ ಮಾಡಬೇಕಾ? ಕಬ್ಬಿಣದ ತೊಲೆಗಳನ್ನು ನೆಲದಲ್ಲೇ ಜೋಡಿಸಿ ಕ್ರೇನಲ್ಲಿ ಎತ್ತಬಹುದು. ಸೂರಿನ ಮೇಲೆ ಕೂರಿಸುವ ಯಂತ್ರವನ್ನು ಅಂಚಿನಿಂದ ದೂರ ಇಟ್ಟರೆ ಮುಂದಿನ ಮೂವತ್ತು ವರ್ಷ ಅದರ ರಿಪೇರಿಗೆ ಬರುವವರೆಲ್ಲ ಬಚಾವಾಗುತ್ತಾರೆ. ಪ್ಯಾರಾಪೆಟ್ ಗೋಡೆಯನ್ನು ಕೊನೆಗೆ ಕಟ್ಟುವ ಬದಲು ಸೂರಿನ ಬೇರೆ ಕೆಲಸಕ್ಕೆ ಮೊದಲೇ ಕಟ್ಟಿದರೆ ಅದೇ ತಡೆಯಾಗುತ್ತದೆ. ಇವೆಲ್ಲ ಎಂಜಿನಿಯರ್ ನಕ್ಷೆ ಬರೆಯುವಾಗ ಆಗುವ ತೀರ್ಮಾನಗಳು. ಕೂಲಿಯವನ ಕೈಯಲ್ಲಿ ಇವುಗಳಲ್ಲಿ ಒಂದೂ ಇಲ್ಲ.

ಮೇಲೇ ಮಾಡಬೇಕು ಅಂದರೆ ಅಂಚಿಗೆ ತಡೆ ಬೇಕು. ಅಮೆರಿಕದ ನಿಯಮದಲ್ಲಿ ಮೇಲಿನ ಪೈಪು ಸುಮಾರು 107 ಸೆಂಟಿಮೀಟರ್ ಎತ್ತರದಲ್ಲಿರಬೇಕು, ಒಬ್ಬ ದಪ್ಪ ಮನುಷ್ಯ ಒರಗಿದರೆ ಬೀಳುವಷ್ಟು ತಳ್ಳನ್ನು, ಅಂದರೆ ಸುಮಾರು 90 ಕೆಜಿಯನ್ನು, ತಾಳಬೇಕು. ಬ್ರಿಟನ್‌ನಲ್ಲಿ ಕನಿಷ್ಠ 95 ಸೆಂಟಿಮೀಟರ್ ಎತ್ತರ, ನಡುವಿನ ಸಂದು 47 ಸೆಂಟಿಮೀಟರ್ ಮೀರಬಾರದು. ಆ ಸಂದಿನ ನಿಯಮಕ್ಕೂ ಕಾರಣ ಇದೆ. ಮುಗ್ಗರಿಸಿದವನು ನಿಂತುಕೊಂಡೇ ಅಂಚು ದಾಟುವುದಿಲ್ಲ. ಮೊದಲು ನೆಲಕ್ಕೆ ಬಿದ್ದು ಪೈಪಿನ ಕೆಳಗಿಂದ ಉರುಳಿಹೋಗುತ್ತಾನೆ. ಅದಕ್ಕೇ ನಡು ಪೈಪು. ಬುಡದಲ್ಲಿ ನಿಲ್ಲಿಸುವ ಹಲಗೆ ಕೆಳಗಿರುವವರಿಗಾಗಿ, ಸುತ್ತಿಗೆ ಇಟ್ಟಿಗೆ ಜಾರಿ ಅವರ ತಲೆ ಮೇಲೆ ಬೀಳದಿರಲಿ ಅಂತ.

ಇಂಥ ತಡೆಗೆ ಬೆಲ್ಟಿಗಿಲ್ಲದ ಒಂದು ಗುಣ ಇದೆ. ಯಾರೂ ಏನನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ. ಮೊದಲ ದಿನ ಕೆಲಸಕ್ಕೆ ಬಂದ ಹುಡುಗನನ್ನೂ, ಜ್ವರ ಇದ್ದರೂ ಬಂದ ಹೆಲ್ಪರನ್ನೂ, ಅಲ್ಲಿ ಏನಿದೆ ಅಂತ ನೋಡಲು ಬಂದ ಮನೆ ಮಾಲೀಕನನ್ನೂ ಅದು ಒಂದೇ ಥರ ಕಾಯುತ್ತದೆ.

ಬಲೆಯೂ ಹಾಗೆಯೇ. ಅದರ ಕಥೆ ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯದ್ದು. 1933ರಲ್ಲಿ ಶುರುವಾದ ಆ ಕೆಲಸಕ್ಕೆ ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್. ದೊಡ್ಡ ಕಾಮಗಾರಿಯಲ್ಲಿ ಪ್ರತಿ ಹತ್ತು ಲಕ್ಷ ಡಾಲರ್ ಖರ್ಚಿಗೆ ಒಂದು ಸಾವು ಅಂತ ಆಗಿನ ಕಾಲದಲ್ಲಿ ಲೆಕ್ಕ ಇಟ್ಟುಕೊಳ್ಳುತ್ತಿದ್ದರು. ಅಲ್ಲಿ ಸೇತುವೆಯ ಕೆಳಗೆ ಉದ್ದಕ್ಕೂ ಬಲೆ ಕಟ್ಟಿದರು. ಅದಕ್ಕೆ ಆದ ಖರ್ಚು 1,30,000 ಡಾಲರ್ ಮೇಲೆ. ಆ ಬಲೆಗೆ ಬಿದ್ದು 19 ಜನ ಉಳಿದರು. ಸುಮಾರು ನಾಲ್ಕು ವರ್ಷ ಆಗುತ್ತಾ ಬರುವವರೆಗೆ ಅಲ್ಲಿ ಒಬ್ಬರೇ ಸತ್ತಿದ್ದರು. ಆಮೇಲೆ 1937ರ ಫೆಬ್ರವರಿ 17ರಂದು ಒಂದು ಸಾರುವೆಯ ತುಂಡೇ ಕಳಚಿ ಬಲೆಯ ಮೇಲೆ ಬಿತ್ತು, ಬಲೆ ಹರಿಯಿತು, ಹತ್ತು ಜನ ಹೋದರು. ಬಲೆ ಮನುಷ್ಯನ ಭಾರಕ್ಕೆ ಲೆಕ್ಕ ಹಾಕಿದ್ದು, ಸಾರುವೆಯ ಭಾರಕ್ಕಲ್ಲ. ಅಮೆರಿಕದ ಈಗಿನ ನಿಯಮಗಳಲ್ಲೂ ಅದೇ ಎಚ್ಚರ ಇದೆ. ಬಲೆ ಆದಷ್ಟು ಹತ್ತಿರ ಕೆಳಗೇ ಇರಬೇಕು, 9 ಮೀಟರಿಗಿಂತ ಕೆಳಗೆ ಹೋಗಬಾರದು. ಕಟ್ಟಿದ ಮೇಲೆ ಸುಮಾರು 180 ಕೆಜಿ ಮರಳು ಮೂಟೆ ಬೀಳಿಸಿ ನೋಡಬೇಕು. ಒಳಗೆ ಬಿದ್ದ ಮರದ ತುಂಡು, ಕಂಬಿ ಚೂರುಗಳನ್ನು ದಿನವೂ ತೆಗೆಯಬೇಕು.

ಬೆಲ್ಟ್ ಹಾಕಿದ್ದರೂ ನೆಲ ಮುಟ್ಟುವುದು ಹೇಗೆ

ಕೆಲಸದ ಜಾಗದಲ್ಲಿ ‘ಸೇಫ್ಟಿ ಬೆಲ್ಟ್’ ಅನ್ನುವ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು ಸೊಂಟಕ್ಕೆ ಮಾತ್ರ ಕಟ್ಟುವ ಪಟ್ಟಿ. ಇನ್ನೊಂದು ಭುಜ, ಎದೆ, ತೊಡೆ ಎಲ್ಲ ಸುತ್ತುವ ಹಾರ್ನೆಸ್. ಬೀಳುವವನನ್ನು ತಡೆಯಲು ಸೊಂಟದ ಪಟ್ಟಿ ಬಳಸಲೇಬಾರದು. ನಿಲ್ಲುವ ಏಟೆಲ್ಲ ಹೊಟ್ಟೆಯ ಒಂದೇ ಗೆರೆಗೆ ಬೀಳುತ್ತದೆ, ಒಳಗಿನ ಅಂಗಗಳು ಹರಿಯುತ್ತವೆ, ಬೆನ್ನು ಮಡಚಿಹೋಗುತ್ತದೆ. ಕೆಲವೊಮ್ಮೆ ಮನುಷ್ಯ ಪಟ್ಟಿಯಿಂದಲೇ ಜಾರಿಬಿಡುತ್ತಾನೆ. ಅಮೆರಿಕ 1998ರ ಜನವರಿ 1ರಿಂದ ಬೀಳುವುದನ್ನು ತಡೆಯಲು ಇದರ ಬಳಕೆ ನಿಲ್ಲಿಸಿತು.

ಹಾರ್ನೆಸ್ ಒಳ್ಳೆಯದೇ. ಆದರೆ ಅದಕ್ಕೂ ಒಂದು ಲೆಕ್ಕ ಇದೆ. ಆ ಲೆಕ್ಕ ಹೇಳಿಕೊಡದೆ ಹಾರ್ನೆಸ್ ಕೊಡುವುದು ಅರ್ಧ ಕೆಲಸ.

ಬೀಳುವವನಿಗೆ ಪೆಟ್ಟಾಗುವುದು ನಿಲ್ಲುವಾಗ. ಎಷ್ಟು ಕಡಿಮೆ ದೂರದಲ್ಲಿ ನಿಲ್ಲುತ್ತಾನೋ ಅಷ್ಟು ಜೋರಾದ ಏಟು. 80 ಕೆಜಿಯ ಒಬ್ಬ 1.8 ಮೀಟರ್ ಬಿದ್ದು, ಗಟ್ಟಿ ಹಗ್ಗ ಬರೀ 10 ಸೆಂಟಿಮೀಟರಿನಲ್ಲಿ ಅವನನ್ನು ನಿಲ್ಲಿಸಿತು ಅನ್ನಿ. ಮೈ ಮೇಲೆ ಸರಾಸರಿ ಒಂದೂವರೆ ಟನ್ ಭಾರ ಬಿದ್ದಂತಾಗುತ್ತದೆ. ಅದೇ ಒಂದು ಮೀಟರ್ ದೂರದಲ್ಲಿ ನಿಧಾನವಾಗಿ ನಿಲ್ಲಿಸಿದರೆ ಸುಮಾರು 225 ಕೆಜಿ. ಈ ವ್ಯತ್ಯಾಸ ತರುವುದು ಹಗ್ಗದ ಬುಡದಲ್ಲಿರುವ ಆ ಪುಟ್ಟ ಪೊಟ್ಟಣ, ಶಾಕ್ ಅಬ್ಸಾರ್ಬರ್. ಅದರೊಳಗೆ ಮಡಚಿ ಹೊಲಿದ ಪಟ್ಟಿ ಇರುತ್ತದೆ. ಬಿದ್ದಾಗ ಹೊಲಿಗೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತಾ ಏಟನ್ನು ನುಂಗುತ್ತದೆ. ಅಡ್ಡ ಆಗುತ್ತೆ ಅಂತ ಅದನ್ನು ಟೇಪ್ ಸುತ್ತಿ ಬಿಗಿದರೆ, ಕಿತ್ತು ಬರೀ ಹಗ್ಗ ಕಟ್ಟಿಕೊಂಡರೆ, ಜೀವ ಉಳಿಸುವ ಭಾಗವನ್ನೇ ತೆಗೆದಂತೆ.

ಪೊಟ್ಟಣ ಬಿಚ್ಚಿಕೊಂಡರೆ ಹಗ್ಗ ಉದ್ದವಾಗುತ್ತದೆ. ಹಾಗಾದರೆ ಕೆಳಗೆ ಎಷ್ಟು ಖಾಲಿ ಜಾಗ ಬೇಕು? ಹುಕ್ ಸಿಕ್ಕಿಸಿದ ಜಾಗದಿಂದ ಕೆಳಕ್ಕೆ ಎಣಿಸೋಣ. ಹಗ್ಗ 1.8 ಮೀಟರ್. ಪೊಟ್ಟಣ ಬಿಚ್ಚಿಕೊಳ್ಳುವುದು 1.1 ಮೀಟರ್ ಇಟ್ಟುಕೊಳ್ಳಿ. ಹಾರ್ನೆಸ್‌ನ ಬೆನ್ನ ಮೇಲೆ ಹಗ್ಗ ಸಿಕ್ಕಿಸುವ ಬಳೆಯಿಂದ ಪಾದದವರೆಗೆ 1.5 ಮೀಟರ್. ಹಾರ್ನೆಸ್ ಹಿಗ್ಗುವುದು, ಅಳತೆ ತಪ್ಪುವುದು ಎಲ್ಲ ಸೇರಿ ಇನ್ನೊಂದು ಮೀಟರ್. ಒಟ್ಟು 5.4 ಮೀಟರ್.

ಈಗ ನಾಲ್ಕು ಮೀಟರ್ ಎತ್ತರದ ಮೋಲ್ಡ್ ಮೇಲೆ ನಿಂತವನು ಕಾಲ ಹತ್ತಿರದ ಕಂಬಿಗೆ ಹುಕ್ ಸಿಕ್ಕಿಸಿದ್ದಾನೆ. ಹಾರ್ನೆಸ್ ಹೊಸದು, ಹಗ್ಗ ಗಟ್ಟಿ, ಹುಕ್ ಸರಿಯಾಗಿ ಬಿದ್ದಿದೆ. ಅವನು ಬಿದ್ದರೆ ಹಗ್ಗ ಪೂರ್ತಿ ಕೆಲಸ ಮುಗಿಸುವ ಮೊದಲೇ ಪಾದ ನೆಲಕ್ಕೆ ಬಡಿಯುತ್ತದೆ. 1.8, 1.1, 1.5 ಕೂಡಿದರೇ 4.4 ಆಯಿತಲ್ಲ. ಇಷ್ಟೇ ಅಲ್ಲ. ಹುಕ್ ಕಾಲ ಹತ್ತಿರ ಇದ್ದುದರಿಂದ ಅವನ ಬೆನ್ನು ಮೊದಲು ಹುಕ್ ಮಟ್ಟಕ್ಕೆ ಇಳಿಯಬೇಕು, ಆಮೇಲೆ ಹಗ್ಗದ ಉದ್ದದಷ್ಟು ಇಳಿಯಬೇಕು. ಹಗ್ಗ ಬಿಗಿಯಾಗುವ ಮೊದಲೇ 3.3 ಮೀಟರ್ ಬಿದ್ದಿರುತ್ತಾನೆ. ತುಂಬ ಕಡೆ 1.8 ಮೀಟರ್ ಬೀಳುವಿಕೆಗೆ ಅಂತ ಮಾಡಿದ ಪೊಟ್ಟಣಕ್ಕೆ ಇದು ಹೊರಲಾರದ ಭಾರ.

ಅದೇ ಹುಕ್ ತಲೆಯ ಮೇಲಿದ್ದರೆ? ಹಗ್ಗದಲ್ಲಿ ಸಡಿಲವೇ ಇರುವುದಿಲ್ಲ, ಬೀಳುವುದು ಅರ್ಧ ಮೀಟರೋ ಏನೋ. ಆದ್ದರಿಂದ ಹುಕ್ ಆದಷ್ಟು ಮೇಲೆ, ಕನಿಷ್ಠ ಭುಜದ ಮಟ್ಟದಲ್ಲಿ ಇರಬೇಕು. ನೆತ್ತಿಯ ಮೇಲೆ ನೇರಕ್ಕೂ ಇರಬೇಕು. ಪಕ್ಕಕ್ಕೆ ದೂರ ಸಿಕ್ಕಿಸಿ ಅಂಚಿನುದ್ದಕ್ಕೆ ನಡೆದು ಬಿದ್ದರೆ ಮೈ ತೂಗುಯ್ಯಾಲೆಯಂತೆ ಬೀಸಿ ಕಂಬಕ್ಕೆ ಬಡಿಯುತ್ತದೆ. ಆ ಬಡಿತ ನೆಲಕ್ಕೆ ಬಿದ್ದಷ್ಟೇ ಕೆಟ್ಟದ್ದು.

ಇನ್ನು ಯಾವುದಕ್ಕೆ ಸಿಕ್ಕಿಸಬೇಕು ಅನ್ನುವುದು. ಅಮೆರಿಕದ ನಿಯಮ ಒಬ್ಬನಿಗೆ 5,000 ಪೌಂಡ್, ಅಂದರೆ ಸುಮಾರು 2,270 ಕೆಜಿ ತಾಳುವ ಆಧಾರ ಕೇಳುತ್ತದೆ. ಒಂದು ಕಾರನ್ನೇ ನೇತು ಹಾಕಿದರೂ ಕಿತ್ತುಬರದಷ್ಟು ಗಟ್ಟಿ. ಸಾರುವೆಯ ಸಡಿಲ ಪೈಪು, ನೀರಿನ ಪೈಪು, ಇನ್ನೂ ಹಸಿ ಇರುವ ಕಾಂಕ್ರೀಟಿನ ಕಂಬಿ, ಕಿಟಕಿ ಸರಳು ಯಾವುದೂ ಅದಕ್ಕೆ ಆಗುವುದಿಲ್ಲ. ‘ಬೆಲ್ಟ್ ಕೊಟ್ಟಿದ್ದೆವು, ಅವನೇ ಹಾಕಲಿಲ್ಲ’ ಅಂತ ಕಂಟ್ರಾಕ್ಟರ್ ಹೇಳಿದಾಗ ನಾನು ಕೇಳಬಯಸುವುದು ಇದನ್ನೇ: ಎಲ್ಲಿಗೆ ಸಿಕ್ಕಿಸಬೇಕಿತ್ತು, ತೋರಿಸಿ. ಎಷ್ಟೋ ಜಾಗದಲ್ಲಿ ತೋರಿಸಲು ಏನೂ ಇರುವುದಿಲ್ಲ.

ಹಾರ್ನೆಸ್ ಮೈಗೆ ಕೂರಬೇಕು. ಬಳೆ ಎರಡು ರೆಕ್ಕೆ ಮೂಳೆಗಳ ನಡುವೆ, ಎದೆ ಪಟ್ಟಿ ಎದೆಯ ನಡುವೆ, ತೊಡೆ ಪಟ್ಟಿಯೊಳಗೆ ಅಂಗೈ ತೂರುವಷ್ಟು ಬಿಗಿ. ಸಿಮೆಂಟ್ ಮೆತ್ತಿದ, ವೆಲ್ಡಿಂಗ್ ಕಿಡಿ ಬಿದ್ದ, ಬಿಸಿಲಿಗೆ ಬಣ್ಣ ಹೋದ ಪಟ್ಟಿ ಮೊದಲಿನ ಬಲ ಕಳೆದುಕೊಂಡಿರುತ್ತದೆ. ಒಮ್ಮೆ ಬೀಳುವವನನ್ನು ತಡೆದ ಹಾರ್ನೆಸ್, ಹಗ್ಗ ಎರಡನ್ನೂ ಮತ್ತೆ ಬಳಸಬಾರದು. ಕತ್ತರಿಸಿ ಎಸೆಯಬೇಕು, ಯಾಕೆಂದರೆ ಸುಮ್ಮನೆ ಎಸೆದರೆ ಯಾರಾದರೂ ಎತ್ತಿಕೊಂಡು ಬಳಸುತ್ತಾರೆ. ಹೆಲ್ಮೆಟ್ಟಿಗೆ ಗಲ್ಲದ ಪಟ್ಟಿ ಇರಲೇಬೇಕು. ಪಟ್ಟಿ ಇಲ್ಲದ ಹೆಲ್ಮೆಟ್ ಬೀಳುವವನ ತಲೆಯಿಂದ ದಾರಿಯಲ್ಲೇ ಹಾರಿಹೋಗುತ್ತದೆ.

ಹಗ್ಗದಲ್ಲಿ ನೇತಾಡುತ್ತಿರುವಾಗ

ಬೆಲ್ಟ್ ಕೆಲಸ ಮಾಡಿತು, ಮನುಷ್ಯ ಗಾಳಿಯಲ್ಲಿ ನೇತಾಡುತ್ತಿದ್ದಾನೆ. ಇಲ್ಲಿಗೆ ಗಂಡಾಂತರ ಮುಗಿಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜವಾಗಿ ಇನ್ನೊಂದು ಶುರುವಾಗಿರುತ್ತದೆ.

ಕಾಲಿನ ರಕ್ತ ಮೇಲೆ ಹೃದಯಕ್ಕೆ ಬರಬೇಕಾದರೆ ಕಾಲಿನ ಸ್ನಾಯು ಅಲ್ಲಾಡುತ್ತಿರಬೇಕು. ನೇತಾಡುವವನ ಕಾಲಿಗೆ ಊರಲು ಏನೂ ಇಲ್ಲ, ತೊಡೆಯ ಪಟ್ಟಿ ಬೇರೆ ಒತ್ತುತ್ತಿದೆ. ರಕ್ತ ಕಾಲಲ್ಲೇ ನಿಲ್ಲುತ್ತದೆ. ತಲೆ ತಿರುಗುತ್ತದೆ, ಬೆವರುತ್ತದೆ, ಪ್ರಜ್ಞೆ ತಪ್ಪುತ್ತದೆ. ನಿಂತವನಿಗೆ ತಲೆಸುತ್ತು ಬಂದರೆ ನೆಲಕ್ಕೆ ಬೀಳುತ್ತಾನೆ, ಮಲಗಿದ ಮೇಲೆ ರಕ್ತ ತಲೆಗೆ ಬರುತ್ತದೆ. ಇವನಿಗೆ ಬೀಳಲೂ ಆಗುವುದಿಲ್ಲ. ಕೆಲವರಿಗೆ ಕೆಲವೇ ನಿಮಿಷದಲ್ಲಿ ಹೀಗಾಗಬಹುದು, ಅರ್ಧ ಗಂಟೆಯೊಳಗೆ ಜೀವಕ್ಕೇ ಅಪಾಯ ಬರಬಹುದು.

ಆದ್ದರಿಂದ ‘ಅಗ್ನಿಶಾಮಕದವರಿಗೆ ಫೋನ್ ಮಾಡೋಣ’ ಅನ್ನುವುದು ಮಾತ್ರ ಯೋಜನೆ ಆಗಲಾರದು. ಅವರು ಬರುವಷ್ಟು ಹೊತ್ತು ಅವನ ಹತ್ತಿರ ಇಲ್ಲ. ಯಾವ ಏಣಿ, ಯಾವ ಲಿಫ್ಟ್, ಯಾರು ಇಳಿಸಬೇಕು ಅನ್ನುವುದು ಕೆಲಸ ಶುರುವಾಗುವ ಮುಂಚೆ ಗೊತ್ತಿರಬೇಕು. ಹಾರ್ನೆಸ್‌ನಲ್ಲಿ ಒಬ್ಬನನ್ನೇ ಒಂಟಿಯಾಗಿ ಬಿಡಬಾರದು. ನೇತಾಡುವವನಿಗೆ ಪ್ರಜ್ಞೆ ಇದ್ದರೆ ಕಾಲು ಆಡಿಸುತ್ತಿರಬೇಕು. ಹಾರ್ನೆಸ್ ಪಕ್ಕದಲ್ಲಿ ಪುಟ್ಟ ಚೀಲದಲ್ಲಿ ಬರುವ ಪಟ್ಟಿ ಇದ್ದರೆ ಅದನ್ನು ಬಿಚ್ಚಿ, ಅದರೊಳಗೆ ಪಾದ ಊರಿ ನಿಲ್ಲಬೇಕು. ಇಳಿಸಿದ ಮೇಲೆ ಮಲಗಿಸಬಾರದು, ಕೂರಿಸಿಯೇ ಇಡಬೇಕು ಅಂತ ಹಿಂದೆ ಹೇಳಿಕೊಡುತ್ತಿದ್ದರು. 2009ರಲ್ಲಿ ಬ್ರಿಟನ್‌ನ ಸುರಕ್ಷತಾ ಇಲಾಖೆಗಾಗಿ ನಡೆದ ಪರಿಶೀಲನೆಯಲ್ಲಿ ಅದಕ್ಕೆ ಆಧಾರ ಸಿಗಲಿಲ್ಲ. ಮಾಮೂಲಿ ಪ್ರಥಮ ಚಿಕಿತ್ಸೆಯಂತೆ ಮಲಗಿಸಿ, ಉಸಿರು ನೋಡಿ, ಆಸ್ಪತ್ರೆಗೆ ಸಾಗಿಸುವುದೇ ಸರಿ.

ಬಿದ್ದ ಮೈಯೊಳಗೆ ಏನಾಗುತ್ತದೆ

ಕಾಲೂರಿ ಬಿದ್ದವನ ಹಿಮ್ಮಡಿ ಮೊದಲು ಒಡೆಯುತ್ತದೆ. ಏಟು ಅಲ್ಲಿಗೆ ನಿಲ್ಲುವುದಿಲ್ಲ. ಮೊಣಕಾಲು, ಸೊಂಟ ದಾಟಿ ಬೆನ್ನುಮೂಳೆಗೆ ಏರುತ್ತದೆ. ಎದೆಯ ಭಾಗದ ಬೆನ್ನನ್ನು ಪಕ್ಕೆಲುಬುಗಳು ಗಟ್ಟಿಯಾಗಿ ಹಿಡಿದಿರುತ್ತವೆ, ಅದರ ಕೆಳಗಿನ ಸೊಂಟದ ಭಾಗ ಬಾಗುವಂಥದ್ದು. ಇವೆರಡೂ ಸೇರುವ ಜಾಗದ ಮೂಳೆ ಜಜ್ಜಿ ಒಡೆಯುತ್ತದೆ, ಚೂರುಗಳು ಹಿಂದೆ ಇರುವ ನರಗಳ ಕಡೆ ನುಗ್ಗುತ್ತವೆ. ಹಿಮ್ಮಡಿ ಒಡೆದವರಲ್ಲಿ ಸುಮಾರು ಹತ್ತಕ್ಕೆ ಒಬ್ಬರಿಗೆ ಬೆನ್ನೂ ಮುರಿದಿರುತ್ತದೆ. ಆದ್ದರಿಂದ ‘ಕಾಲು ನೋವು ಅಷ್ಟೇ’ ಅನ್ನುವವನ ಬೆನ್ನನ್ನೂ ಪರೀಕ್ಷೆ ಮಾಡಿಸಲೇಬೇಕು.

ಅದಕ್ಕೇ ಬಿದ್ದವನನ್ನು ಕೈಕಾಲು ಹಿಡಿದು ಎತ್ತುವುದು, ಕೂರಿಸುವುದು, ಆಟೋದಲ್ಲಿ ಮಡಚಿ ಕೂರಿಸಿ ಓಡುವುದು ಬೇಡ. ಪ್ರೀತಿಯಿಂದಲೇ ಮಾಡುತ್ತಾರೆ, ಗೊತ್ತು. ಆದರೆ ಮುರಿದ ಬೆನ್ನು ಆ ಒಂದು ಎಳೆತದಲ್ಲಿ ನರ ಕತ್ತರಿಸಬಹುದು. ಇದ್ದಲ್ಲೇ ಇರಲಿ. ಒಬ್ಬರು ತಲೆಯ ಎರಡೂ ಬದಿ ಕೈಯಿಟ್ಟು ಕುತ್ತಿಗೆ ಅಲುಗದಂತೆ ಹಿಡಿದಿರಲಿ. ಉಸಿರಾಡುತ್ತಿದ್ದಾನಾ ನೋಡಿ. ಉಸಿರಿಲ್ಲದಿದ್ದರೆ ಬೆನ್ನಿನ ಚಿಂತೆ ಆಮೇಲೆ, ಮೊದಲು ಎದೆ ಒತ್ತಲು ಶುರು ಮಾಡಿ. ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನೀರು ಕುಡಿಸಬೇಡಿ, ಆಪರೇಷನ್ ಬೇಕಾಗಬಹುದು. ವಾಂತಿಯಾದರೆ ಉಸಿರಿಗೆ ಸಿಕ್ಕಿಕೊಳ್ಳಬಹುದು. ಸಾಗಿಸಲೇಬೇಕಾದರೆ ಮೂರ್ನಾಲ್ಕು ಜನ ಸೇರಿ, ತಲೆ ಬೆನ್ನು ಸೊಂಟ ಒಂದೇ ಗೆರೆಯಲ್ಲಿ ಇಟ್ಟು, ಗಟ್ಟಿ ಹಲಗೆಯ ಮೇಲೆ ಹೊರಳಿಸಬೇಕು.

‘ನನಗೇನೂ ಆಗಿಲ್ಲ’ ಅಂತ ಎದ್ದು ನಿಂತವನ ಬಗ್ಗೆ ನನಗೆ ಹೆಚ್ಚು ಭಯ. ತಲೆಗೆ ಏಟಾಗಿ ಬುರುಡೆಯ ಒಳಗೆ ರಕ್ತ ಸೋರುತ್ತಿದ್ದರೂ ಕೆಲವರು ಗಂಟೆಗಟ್ಟಲೆ ಚೆನ್ನಾಗಿ ಮಾತಾಡುತ್ತಿರುತ್ತಾರೆ. ಆಮೇಲೆ ತಲೆನೋವು, ವಾಂತಿ, ಮಂಪರು. ಗುಲ್ಮ ಒಡೆದರೂ ಹೊರಗೆ ಗಾಯ ಕಾಣುವುದಿಲ್ಲ. ಎಷ್ಟು ಎತ್ತರದಿಂದ ಬಿದ್ದವರನ್ನು ದೊಡ್ಡ ಆಸ್ಪತ್ರೆಗೆ ಒಯ್ಯುವ ಬಗ್ಗೆ ಯೋಚಿಸಬೇಕು ಅನ್ನುವ ಅಮೆರಿಕದ ಆಂಬುಲೆನ್ಸ್ ಮಾರ್ಗಸೂಚಿಯಲ್ಲಿ ಮೊದಲು ದೊಡ್ಡವರಿಗೆ 20 ಅಡಿ ಅಂತಿತ್ತು. 2021ರಲ್ಲಿ ಅದನ್ನು 10 ಅಡಿಗೆ ಇಳಿಸಿದರು. ಒಂದು ಮಹಡಿ ಎತ್ತರ, ಅಷ್ಟೇ. ಎಷ್ಟು ಎತ್ತರದಿಂದ, ಯಾವುದರ ಮೇಲೆ, ಹೇಗೆ ಬಿದ್ದ ಅನ್ನುವುದನ್ನು ಡಾಕ್ಟರಿಗೆ ಹೇಳಲು ನೋಡಿದವರೊಬ್ಬರು ಜೊತೆಗೆ ಹೋಗುವುದು ಒಳ್ಳೆಯದು.

ಆಮೇಲೆ ಬರೆಯುವ ವರದಿ

‘ಕಾಲು ಜಾರಿ ಬಿದ್ದ’ ಅಂತ ಬರೆದು ಫೈಲು ಮುಚ್ಚುವ ರೂಢಿ ಎಲ್ಲ ಕಡೆ ಇದೆ. ಕಾಲು ಜಾರುವುದು ಎಲ್ಲರಿಗೂ ಆಗುತ್ತದೆ. ನೆಲದ ಮೇಲೆ ಜಾರಿದವನು ಮಂಡಿ ತರಚಿಕೊಂಡು ಏಳುತ್ತಾನೆ. ಇಲ್ಲಿ ಸಾವಾದದ್ದಕ್ಕೆ ಕಾರಣ ಆ ಅಂಚಿನಲ್ಲಿ ಏನಿರಲಿಲ್ಲ ಅನ್ನುವುದರಲ್ಲಿದೆ. ಪೈಪು ಕಟ್ಟಿದ್ದರಾ? ಸಾಮಾನು ಎಳೆದುಕೊಳ್ಳಲು ಬಿಚ್ಚಿದ್ದರೆ ಮತ್ತೆ ಕಟ್ಟುವುದು ಯಾರ ಕೆಲಸ ಅಂತ ಹೇಳಿದ್ದರಾ? ಅವತ್ತು ಕೆಲಸ ಮುಗಿಸಲೇಬೇಕು ಅಂತ ಒತ್ತಡ ಇತ್ತಾ? ಇಷ್ಟು ಚದರಡಿಗೆ ಇಷ್ಟು ಅಂತ ಗುತ್ತಿಗೆ ಕೂಲಿ ಕೊಟ್ಟಾಗ, ಹುಕ್ ಬಿಚ್ಚಿ ಮತ್ತೆ ಸಿಕ್ಕಿಸಲು ಹಿಡಿಯುವ ಪ್ರತಿ ನಿಮಿಷವೂ ಕೆಲಸಗಾರನ ಜೇಬಿನಿಂದಲೇ ಹೋಗುತ್ತದೆ. ಅದನ್ನು ವರದಿಯಲ್ಲಿ ಯಾರೂ ಬರೆಯುವುದಿಲ್ಲ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1988ರ ಕಟ್ಟಡ ಕೆಲಸದ ಒಪ್ಪಂದ, ಅಂದರೆ 167ನೇ ಒಪ್ಪಂದ, 12ನೇ ವಿಧಿಯಲ್ಲಿ ಒಂದು ಹಕ್ಕು ಹೇಳುತ್ತದೆ. ಜೀವಕ್ಕೆ ಅಪಾಯ ಎದುರಿಗೇ ಇದೆ ಅಂತ ನಂಬಲು ಸರಿಯಾದ ಕಾರಣ ಇದ್ದರೆ ಕೆಲಸಗಾರ ಅಲ್ಲಿಂದ ಸರಿಯಬಹುದು. ಸರಿದವನು ಅದನ್ನು ತಕ್ಷಣ ಮೇಲಿನವರಿಗೆ ತಿಳಿಸಬೇಕು. ಅಪಾಯ ಎದುರಿಗಿದ್ದಾಗ ಕೆಲಸ ನಿಲ್ಲಿಸಿ ಜನರನ್ನು ಹೊರಗೆ ಕಳಿಸುವುದು ಕೆಲಸ ಕೊಟ್ಟವರ ಜವಾಬ್ದಾರಿ. ದಿನಗೂಲಿಯವನಿಗೆ ಈ ಹಕ್ಕು ಕೈಗೆ ಸಿಗಬೇಕಾದರೆ, ‘ಈ ಸಾರುವೆ ಸರಿ ಇಲ್ಲ, ಹತ್ತಲ್ಲ’ ಅಂದ ದಿನವೂ ಅವನಿಗೆ ಆ ದಿನದ ಕೂಲಿ ಸಿಗಬೇಕು. ಕೆಲಸ ಶುರುವಾಗುವ ಮೊದಲ ಬೆಳಗ್ಗೆಯೇ ಮೇಸ್ತ್ರಿ ಎಲ್ಲರ ಮುಂದೆ ಇದನ್ನು ಬಾಯಿಬಿಟ್ಟು ಹೇಳಬೇಕು, ಮೊದಲ ಸಲ ಯಾರಾದರೂ ಹಾಗೆ ಅಂದಾಗ ಕೂಲಿ ಕೊಟ್ಟು ತೋರಿಸಬೇಕು.